ದಾಳಿಂಬೆ ನಕ್ಷೆಯಲ್ಲೊಬ್ಬ ವರ

ಆಗ ನಾನು ಕೊಪ್ಪಳದ ಕಚೇರಿಯೊಂದರಲ್ಲಿ ನಕ್ಷೆ ಮಾಡುವ ಕೆಲಸಕ್ಕಿದ್ದೆ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲಿ ಯಾವುದಕ್ಕೆ ಚುಕ್ಕಿ ರೋಗ ಬಿದ್ದಿದೆ ಎಂಬುದು ಎಲ್ಲರಿಗೂ ಫೋನಿನಲ್ಲೇ ಕಾಣಬೇಕು ಎನ್ನುವುದು ನಮ್ಮ ಸಾಹೇಬರ ಆಸೆ. ನಕ್ಷೆಯಲ್ಲಿ ರೋಗವಿದ್ದ ತೋಟಕ್ಕೆ ಕೆಂಪು ಚುಕ್ಕಿ, ಇಲ್ಲದ್ದಕ್ಕೆ ಹಸಿರು ಚುಕ್ಕಿ; ಒತ್ತಿದರೆ ಆ ತೋಟದ ವಿವರ.

ಸಮೀಕ್ಷೆಗೆ ಹೋದವರು ಬೇರೆ ಯಾವುದೋ ಯೋಜನೆಯ ಪ್ರಶ್ನೆಗಳನ್ನೇ ಒಯ್ದಿದ್ದರು. ಹೀಗಾಗಿ ಗಿಡ ಎಷ್ಟು, ಬೋರಿಗೆ ನೀರೆಷ್ಟು ಎಂಬುದರ ಜೊತೆಗೆ ರೈತನ ಹೆಸರು, ವಯಸ್ಸು, ಓದು, ಮದುವೆಯಾಗಿದೆಯೋ ಇಲ್ಲವೋ ಎಂಬುದೂ ಬಂದಿತ್ತು. ನಕ್ಷೆ ಹೊರಬಿಡುವಾಗ ಜನರಿಗೆ ಕಾಣಬಾರದ ಕಾಲಂಗಳ ಟಿಕ್ ತೆಗೆದು ಮುಚ್ಚಬೇಕು. ಕೇಳಿದರೆ ಸಾಹೇಬರು, "ಇರ್ಲಿ ಬಿಡ್ರಿ, ತುಂಬಿದಂಗ ಕಾಣ್ತೈತಿ" ಎಂದರು. ಹಾಗೇ ಬಿಟ್ಟೆವು.

ಸ್ವಲ್ಪ ದಿನದಲ್ಲೇ ಫೋನುಗಳು ಶುರುವಾದವು. ಗಿಡದ ಸುದ್ದಿ ಯಾರಿಗೂ ಬೇಕಿರಲಿಲ್ಲ. ಗಂಗಾವತಿಯಿಂದ ಒಬ್ಬ ತಾಯಿ, "ಕುಷ್ಟಗಿ ರೋಡಿಗೆ ಹತ್ತಿ ಒಂದು ಹಸಿರು ಚುಕ್ಕಿ ಐತಲ್ರಿ, ಬಿ.ಎ. ಮಾಡ್ಯಾನ, ಲಗ್ನ ಆಗಿಲ್ಲ. ಹುಡುಗ ಕುಡಿತಾನೇನ್ರಿ?" ಎಂದು ಕೇಳಿದಳು.

"ಆ ಕಾಲಂ ಇಲ್ರಿ ಅವ್ವಾರ."

"ಮೊದ್ಲು ಅದನ್ನ ಕೇಳಬೇಕಿತ್ತು ನೀವು!" ಎಂದು ಬೈದು ಫೋನು ಇಟ್ಟಳು.

ಆಮೇಲೆ ಯಲಬುರ್ಗಾ ಕಡೆಯ ರೈತನೊಬ್ಬ ಕೆಂಡವಾಗಿ ಕಚೇರಿಗೇ ಬಂದ. ಮೂವತ್ತು ದಾಟಿದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಫೋನನ್ನು ನನ್ನ ಮೇಜಿನ ಮೇಲಿಟ್ಟು ತನ್ನ ತೋಟದ ಕೆಂಪು ಚುಕ್ಕಿಯನ್ನು ಒತ್ತಿ ತೋರಿಸಿದ. ಅವನ ಹೆಸರು, ವಯಸ್ಸು, 'ಅವಿವಾಹಿತ', ಅದರ ಕೆಳಗೇ 'ರೋಗ: ಇದೆ'.

"ಗಂಗಾವತಿ ಹತ್ರ ಶ್ರೀರಾಮನಗರದ ಬೀಗತನ ಮುರದು ಬಿತ್ರಿ ಮೇಡಂ. ಹುಡುಗಿ ಅಪ್ಪ ಇದನ್ನ ನೋಡಿ, ವರಗ ರೋಗ ಐತಿ, ಸರ್ಕಾರದವ್ರ ಬರದಾರ ಅಂತಾನ. ರೋಗ ಬಂದದ್ದು ಗಿಡಕ್ರಿ, ನನಗೇನಾಗೈತಿ?"

ಉಕ್ಕಿ ಬಂದ ನಗುವನ್ನು ಅವನ ಮುಖ ನೋಡಿ ನುಂಗಿಕೊಂಡೆ. ನಿಮ್ಮ ಸುದ್ದಿಯನ್ನೆಲ್ಲ ಈಗಲೇ ಮುಚ್ಚುತ್ತೇನೆ ಎಂದೆ. ಅವನು ಇನ್ನಷ್ಟು ಗಾಬರಿಯಾದ.

"ಅಯ್ಯ, ಬ್ಯಾಡ್ರಿ! ವಯಸ್ಸು, ಓದು, ಲಗ್ನ ಆಗಿಲ್ಲ ಅನ್ನೂದು ಎಲ್ಲಾ ಇರ್ಲಿ. ಅದನ್ನ ನೋಡೇ ಮಂದಿ ಕೇಳಾಕ ಹತ್ಯಾರ. ರೋಗ ಒಂದ ಮುಚ್ರಿ."

ಒಳಗಿನಿಂದ ಸಾಹೇಬರು ಕೂಗಿದರು: "ರೋಗ ಮುಚ್ಚಿದ್ರ ನಕ್ಷೆ ಯಾಕ ಬೇಕ್ರಿ? ಮಂದಿ ಸುದ್ದಿ ಎಲ್ಲಾ ತಗೀರಿ!"

ಟಿಕ್‌ಗಳನ್ನು ತೆಗೆದೆ. ಅವನು ಮತ್ತೆ ಚುಕ್ಕಿ ಒತ್ತಿದ. ಗಿಡ, ನೀರು, ರೋಗ, ಇಷ್ಟೇ ಉಳಿದಿದ್ದವು.

"ಛಲೋ ಆತು ಬಿಡ್ರಿ. ನಂದು ಅಂತ ರೋಗ ಒಂದ ಉಳೀತು" ಎಂದು ಕುರ್ಚಿಗೆ ಕುಸಿದ.

ಕಾಲಂನ ಹೆಸರನ್ನು 'ಗಿಡದ ರೋಗ' ಎಂದು ಬದಲಿಸಿದೆ. ಅವನಿಗೆ ಅಷ್ಟೂ ಸಾಲಲಿಲ್ಲ. ಹುಡುಗಿಯ ತಂದೆಗೆ ನಾನೇ ಹೇಳಬೇಕೆಂದು ಫೋನು ಹಚ್ಚಿಕೊಟ್ಟ. ಹೇಳಿದೆ.

"ಗಿಡಕ್ಕಾ?" ಎಂದರು ಹಿರಿಯರು. "ಹಂಗಾದ್ರ ಗಿಡಕ್ಕ ಯಾವ ಎಣ್ಣಿ ಹೊಡಿತಾನಂತ?"

ಫೋನನ್ನು ವರನಿಗೆ ಕೊಟ್ಟೆ. ಭತ್ತ ಬೆಳೆಯುವ ಮಾವ, ದಾಳಿಂಬೆ ಬೆಳೆಯುವ ಅಳಿಯ ಔಷಧದ ವಿಚಾರ ಮಾತಾಡಿದ್ದೇ ಮಾತಾಡಿದ್ದು. ಮದುವೆಯ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಆದರೆ ಮುಂದಿನ ವಾರ ತೋಟ ನೋಡಲು ಬಂದ ಹಿರಿಯರು ಮದುವೆಯ ಮಾತು ಮುಗಿಸಿಯೇ ಹೋದರಂತೆ.

ಗಂಗಾವತಿಯಲ್ಲಿ ನಡೆದ ಮದುವೆಗೆ ನಾನೂ ಹೋಗಿದ್ದೆ. ಅಕ್ಷತೆ ಹಾಕಿ ಮದುಮಗಳಿಗೆ, "ನಿಮಗೂ ಅಂಜಿಕಿ ಆಗಿತ್ತೇನ್ರಿ?" ಎಂದು ಕೇಳಿದೆ.

"ನಮ್ಮಪ್ಪ ರೋಗ ನೋಡಿದ್ರು" ಎಂದಳು ಮೆಲ್ಲಗೆ. "ನಾ ಬೋರಿನ ನೀರು ನೋಡಿದ್ನಿ. ಭಾಳ ಐತ್ರಿ."

ನಮ್ಮ ನಕ್ಷೆಯನ್ನು ಒಬ್ಬಳಾದರೂ ಸರಿಯಾಗಿ ಓದಿದಳಲ್ಲ, ಆ ಖುಷಿಗೆ ಊಟದಲ್ಲಿ ಎರಡನೇ ಸಲ ಗೋಧಿ ಹುಗ್ಗಿ ಹಾಕಿಸಿಕೊಂಡೆ.