ಕುಂಕುಮ ನುಂಗಿದ ಕನ್ನಡಕ

ಆ ಕೆಂಪು ಕನ್ನಡಕ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಐವತ್ತರ ದಶಕ. ಮುಂಬಯಿಯ ದಾದರ್‌ನಲ್ಲಿ ನಮ್ಮ ಚಾಳಿದ್ದ ಬೀದಿಯ ತುದಿಗೇ ಒಂದು ಎಕ್ಸ್‌ರೇ ದವಾಖಾನೆ. ನಾನಲ್ಲಿ ಡಾಕ್ಟರಿಗೆ ಸಹಾಯಕಿ. ಆಗೆಲ್ಲ ರೋಗಿಯನ್ನು ಕತ್ತಲ ಕೋಣೆಯಲ್ಲಿ ಪರದೆಯ ಹಿಂದೆ ನಿಲ್ಲಿಸಿ, ಅದರ ಮೇಲೆ ಮೂಡುವ ಮಂಕು ಬೆಳಕಿನಲ್ಲೇ ಎದೆ, ಹೊಟ್ಟೆ ನೋಡುತ್ತಿದ್ದರು. ಬಿಸಿಲಿನಿಂದ ನೇರ ಒಳಗೆ ಹೋದರೆ ಏನೂ ಕಾಣದು. ಅದಕ್ಕೇ ಅರ್ಧ ತಾಸು ಮೊದಲು ದಟ್ಟ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು. ನಡುವೆ ಒಂದು ಗಳಿಗೆ ತೆಗೆದರೂ ಮತ್ತೆ ಮೊದಲಿನಿಂದ. ಡಾಕ್ಟರು ಈ ವಿಷಯದಲ್ಲಿ ಭಾರೀ ಹಠಮಾರಿ.

ಅವರಿಗೇನು, ಕುರ್ಚಿಯಲ್ಲಿ ಕೂತು ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಮನೆಗೆ ಬಂದ ನಾನು ಅದನ್ನು ಹಾಕಿಕೊಂಡೇ ಪಾತ್ರೆ ತೊಳೆದು, ಮೆಟ್ಟಿಲಿಳಿದು, ಬೀದಿ ದಾಟಬೇಕು. ಎರಡೂ ಪಕ್ಕಕ್ಕೆ ಚರ್ಮದ ಮರೆ. ಮೊಣಕಾಲು ಹೋಗಿ ಮಂಚಕ್ಕೆ ಬಡಿಯುವುದು, ಮೆಟ್ಟಿಲು ಹತ್ತಿರವೋ ದೂರವೋ ತಿಳಿಯದು, ಸಂಜೆಗೆ ತಲೆ ಸಿಡಿತ. "ಟಾಂಗಾ ಕುದುರೆ ಬಂತು" ಅಂತ ಚಾಳಿನ ಹೆಂಗಸರು ನಗುತ್ತಿದ್ದರು. ಅವರ ಬಾಯಿ ಮುಚ್ಚಿಸುವವರು ಯಾರು!

ಆ ವರ್ಷ ನನಗೊಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ನಮ್ಮ ಧಾರವಾಡ ಕಡೆಯವನೇ, ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ. ನೋಡಲು ಬಂದಾಗ, "ಕೆಲಸ ಬಿಡೂದು ಬ್ಯಾಡ್ರಿ" ಅಂದಿದ್ದ. ಹಾಗೆ ಹೇಳಿದವ ಇನ್ನೊಬ್ಬನಿರಲಿಲ್ಲ. ನನ್ನ ಮನಸ್ಸಿಗೆ ಬಂದಿದ್ದ, ಮುಚ್ಚಿಡುವುದೇನು. ಆದರೆ ತಾಯಿಯಿಲ್ಲದ ಅವನನ್ನು ಸಾಕಿದವಳು ಜೋಗೇಶ್ವರಿಯಲ್ಲಿದ್ದ ಸೋದರತ್ತೆ. ಆಕೆ ಹೂಂ ಅಂದರೇ ಮದುವೆ.

ಒಂದು ಮಧ್ಯಾಹ್ನ ಆಕೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಅವ್ವ ಮಾರ್ಕೆಟ್ಟಿಗೆ ಹೋಗಿದ್ದಳು. ನನ್ನ ಮೋರೆಯ ಮೇಲೆ ಆ ಹಾಳು ಕನ್ನಡಕ.

"ಕಣ್ಣು ಬಂದಾವೇನವಾ?"

"ಇಲ್ರಿ ಕಾಕು, ದವಾಖಾನಿ ಕೆಲಸಕ್ಕ ಹಾಕ್ಕೊಂಡೀನಿ. ತಗದರ ಕೆಲಸ ಕೆಡತೈತ್ರಿ."

ಚಹಾ ಕುಡಿದಳು, ಊರಿನ ಸುದ್ದಿ ಮಾತಾಡಿದಳು, ಖುಷಿಯಾಗಿಯೇ ಎದ್ದಳು. ನಾನು ಕುಂಕುಮದ ಬಟ್ಟಲಿಗೆ ಕೈ ಚಾಚಿದವಳು ಆಕೆಯ ಹಣೆ ನೋಡಿದೆ. ಬೋಳು. ತಲೆ ಮೇಲಿಂದ ಮೈತುಂಬ ಸೆರಗು ಹೊದ್ದಿದ್ದಳು, ತಾಳಿ ಬಳೆ ಒಂದೂ ಕಾಣುತ್ತಿರಲಿಲ್ಲ. ಗಂಡ ಇದ್ದಾನೋ ಇಲ್ಲವೋ, ನಮ್ಮ ಮನೆಯಲ್ಲಿ ಯಾರೂ ಮಾತೆತ್ತಿರಲಿಲ್ಲ. ಗಂಡನಿಲ್ಲದಾಕೆಗೆ ಬಟ್ಟಲು ಹಿಡಿದು ನೋಯಿಸಲೇ? ಕೈ ಹಿಂದೆಗೆದು ಕಾಲಿಗೆ ಬಿದ್ದೆ. ಆಕೆ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ "ಬರ್ತೀನವಾ" ಅಂದು ಇಳಿದು ಹೋದಳು. ಎಷ್ಟು ನಾಜೂಕಾಗಿ ನಡೆದುಕೊಂಡೆ ಅಂತ ನನಗೆ ಹೆಮ್ಮೆ ಬೇರೆ.

ಮರುದಿನ ಸುದ್ದಿ ಬಂತು: "ಕಾಸಗಲ ಕುಂಕುಮ ಇಟ್ಟ ಮುತ್ತೈದಿನ್ನ ಕುಂಕುಮ ಕೊಡಲಾರದ ಕಳಿಸಿದ ಹುಡುಗಿ ನಮಗ ಬ್ಯಾಡ."

"ನಿನ್ನ ಕಣ್ಣು ಕುರುಡಾಗಿದ್ದುವೇನ?" ಅಂತ ಅವ್ವ ಉರಿದುಬಿದ್ದಳು. ನನಗೆ ಏನೋ ಹೊಳೆದು, ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದೆ. ನನ್ನ ಹಣೆಯ ಕುಂಕುಮವೂ ಮಾಯ. ಕೆಂಪು ಗಾಜಿನಲ್ಲಿ ಕೆಂಪು ಬಣ್ಣ ಚರ್ಮದ ಜೊತೆ ಬೆರೆತು ಅಳಿಸಿಹೋಗುತ್ತದೆ. ಡಾಕ್ಟರಿಗೆ ಇದು ಗೊತ್ತಿತ್ತಂತೆ, ಹೇಳುವ ಪ್ರಸಂಗ ಬಂದಿರಲಿಲ್ಲವಂತೆ. ಕೇಳಿ ಹಲ್ಲು ಕಡಿದೆ.

ಸುಮ್ಮನೆ ಕೂರುವ ಜಾತಿಯಲ್ಲ ನಾನು. ಅವ್ವನನ್ನು ಕರೆದುಕೊಂಡು, ಕನ್ನಡಕ ಹಿಡಿದು ಲೋಕಲ್ ಹತ್ತಿ ಜೋಗೇಶ್ವರಿಗೆ ಹೋದೆ. ಆಕೆಯ ಗಂಡ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದರು.

"ಒಮ್ಮಿ ಹಾಕ್ಕೊಂಡು ನೋಡ್ರಿ ಕಾಕು" ಅಂದು ಕನ್ನಡಕ ಕೊಟ್ಟು, ಗೋಡೆಯ ಕನ್ನಡಿ ತೆಗೆದು ಮುಂದೆ ಹಿಡಿದೆ.

ನೋಡಿದಳು. ಬೆರಳು ತಾನಾಗಿ ಹಣೆಗೆ ಹೋಯಿತು. ಕನ್ನಡಕ ಕಿತ್ತು ಮತ್ತೆ ಕನ್ನಡಿ ನೋಡಿಕೊಂಡಳು, ಆಮೇಲೆ ಮಂಚದ ಕಡೆ ನೋಡಿದಳು.

"ನಿನ್ನ ತಪ್ಪಿಲ್ಲ ಬಿಡವಾ. ನಂಬಿದೆ."

ನನ್ನ ಜೀವ ಹಗುರಾಯಿತು. ಆಕೆ ಕನ್ನಡಕವನ್ನು ನನ್ನ ಕೈಗೆ ತುರುಕಿದಳು.

"ಆದರ ದಿನಾ ಇದನ್ನ ಹಾಕ್ಕೊಂಡು ತನ್ನ ಬೋಳು ಹಣಿ ತಾನ ನೋಡಿಕೊಳ್ಳಾಕಿನ್ನ ನನ್ನ ಹುಡುಗಗ ಹೆಂಗ ತರಲಿ ಹೇಳು?"

ಕನ್ನಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಗೋಡೆಯ ಮೊಳೆಗೆ ತೂಗುಹಾಕಿ, ಅವ್ವನ ಜೊತೆ ಸ್ಟೇಷನ್ನಿಗೆ ನಡೆದೆ. ಮರುದಿನ ಊಟ ಮುಗಿಸಿ ಮತ್ತೆ ಅದೇ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋದೆ.