ಶಿಲುಬೆಯ ಮುಂದಿನ ಎಡೆ

ನಮ್ಮ ಅಜ್ಜಿ ಶಿಲುಬೆಗೆ ಸುಣ್ಣ ಬಳಿದು ಕುಂಕುಮ ಹಚ್ಚುತ್ತಿದ್ದಳು ಎಂದರೆ ಈಗಲೂ ಜನ ನಗುತ್ತಾರೆ. ನಗಲಿ ಬಿಡಿ. ಶಿಗ್ಗಾಂವಿಯ ಹೊರಗೆ ಕ್ರೈಸ್ತರ ಸ್ಮಶಾನದಲ್ಲಿದ್ದ ಆ ಕಲ್ಲಿನ ಶಿಲುಬೆಯನ್ನು, ಸುತ್ತಲಿನ ಹಳ್ಳಿಗಳಿಂದ ಎರಡನೇ ಮಹಾಯುದ್ಧಕ್ಕೆ ಹೋಗಿ ಮರಳದವರ ನೆನಪಿಗೆಂದು ಬ್ರಿಟಿಷರು ನಿಲ್ಲಿಸಿದ್ದರು. ಮರಳದವರಲ್ಲಿ ನಮ್ಮ ಅಜ್ಜನೂ ಒಬ್ಬ. ಹೆಣ ಬರಲಿಲ್ಲ, ಗೋರಿಯೂ ಇಲ್ಲ. ಅಜ್ಜಿಗೆ ಗಂಡ ಅಂದರೆ ಆ ಕಲ್ಲೇ.

ಹಿರಿಯರ ಹಬ್ಬದ ದಿನ ದುಂಡಸಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆವು. ಆಕೆಯ ಬುಟ್ಟಿಯಲ್ಲಿ ಊಟದ ಎಲೆ, ಹೋಳಿಗೆ, ಕಟ್ಟಿನ ಸಾರು, ಅಜ್ಜನಿಗೆಂದು ಬೀಡಿ; ನನ್ನ ಕೈಯಲ್ಲಿ ಸುಣ್ಣದ ಗಡಿಗೆ. ಸುಣ್ಣ ಬಳಿಯುತ್ತ ಅಜ್ಜಿ ಊರ ಸುದ್ದಿಯನ್ನೆಲ್ಲ ಕಲ್ಲಿಗೆ ಒಪ್ಪಿಸುವಳು: ಯಾರ ಎಮ್ಮೆ ಈಯಿತು, ಯಾರ ಸೊಸೆ ಸಿಟ್ಟಾಗಿ ತವರು ಸೇರಿದಳು. ನಡುನಡುವೆ ಬೈಗುಳವೂ ಇರುತ್ತಿತ್ತು. ಸತ್ತವನನ್ನು ಇಷ್ಟು ಬೈದು, ಇಷ್ಟು ಪ್ರೀತಿಸಿದವಳನ್ನು ನಾನು ಮತ್ತೆ ಕಂಡಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಹಬ್ಬಕ್ಕೆ ಹೋದರೆ ಶಿಲುಬೆಯ ಸುತ್ತ ತಂತಿಬೇಲಿ, ಬೀಗ, ಸಂರಕ್ಷಿತ ಸ್ಮಾರಕ ಎಂಬ ನೀಲಿ ಫಲಕ. ವರ್ಷಗಟ್ಟಲೆ ಬಳಿದ ಸುಣ್ಣವನ್ನೆಲ್ಲ ಕೆರೆದು ತೆಗೆದಿದ್ದರು.

"ಎಷ್ಟ್ ಸೊರಗ್ಯಾನ!" ಎಂದು ಅಜ್ಜಿ ಬಾಯಿಯ ಮೇಲೆ ಕೈಯಿಟ್ಟಳು.

ಕಾವಲಿಗಿದ್ದವರು ನಮ್ಮೂರಿನ ಗೌಡರ ಮನೆತನದ ಬಡ ಕವಲಿನ ಒಬ್ಬರು, ಅಜ್ಜನ ಓರಗೆಯವರು. ಕಲ್ಲಿಗೆ ಏನೂ ಮುಟ್ಟಿಸುವಂತಿಲ್ಲ, ಒಳಗೆ ಯಾರನ್ನೂ ಬಿಡುವಂತಿಲ್ಲ ಎಂದರು. ಸುಣ್ಣ ಬಿಡಲು ಅಜ್ಜಿ ಹೇಗೋ ಒಪ್ಪಿದಳು. ಆದರೆ ಗಂಡನ ಮುಂದೆ ಎಡೆ ಇಡದೆ ಮನೆಗೆ ಹೋಗಲು ಮಾತ್ರ ಸುತರಾಂ ಒಪ್ಪಲಿಲ್ಲ.

"ಬೇಲಿ ಹೊರಗ ಇಡಬೇ. ಅಲ್ಲಿಂದನ ಉಣ್ತಾನ," ಎಂದರು ಅವರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಹೊರಗ? ನಿಮ್ಮ ಹಿತ್ತಲದಾಗ ದೂರ ಕುಂತು, ನೀವು ಮ್ಯಾಲಿಂದ ಹಾಕಿದ್ದು ಉಂಡು ಬೆಳೆದಾಂವ್ರಿ ಅಂವಾ. ಎಲ್ಲಾರ ಜೋಡಿ ಪಂಗ್ತ್ಯಾಗ ಕುಂತು ಉಣಬೇಕಂತನ ಮಿಲಿಟರಿಗೆ ಹ್ವಾದಾ. ಸತ್ತ ಮ್ಯಾಲೂ ಬೇಲಿ ಹೊರಗ ನೀಡ್ಲೇನ್ರಿ?"

ಗೌಡರು ಸೊಂಟದ ಬೀಗದ ಕೈ ಬಿಚ್ಚಿ ಗೇಟು ತೆರೆದರು.

ಎಡೆ ಹಿಡಿದ ಮೇಲೆ ಅಲ್ಲಿದ್ದವರಿಗೆಲ್ಲ ಕೊಟ್ಟೇ ನಾವು ಉಣ್ಣುವುದು ರೂಢಿ. ಆದರೆ ಗೌಡರ ಓಣಿಯವರು ನಮ್ಮ ಮನೆಯ ನೀರನ್ನೂ ಮುಟ್ಟಿದವರಲ್ಲ. ಹೋಳಿಗೆ ಹಿಡಿದ ಅಜ್ಜಿಯ ಕೈ ಅರ್ಧಕ್ಕೇ ನಿಂತಿತು. ನನಗೆ ಭಯವಾಯಿತು, ಆಕೆಗೆ ಅವಮಾನವಾದರೆ ಎಂದು.

ಗೌಡರು ಚಪ್ಪಲಿ ಕಳಚಿ, ಎಡೆಯ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಬುಟ್ಟಿಯಿಂದ ತಾವೇ ಒಂದು ಎಲೆ ತೆಗೆದು ಮುಂದೆ ಹಾಸಿಕೊಂಡರು.

"ನೀಡಬೇ. ಹಸಿವ್ಯಾಗೇತಿ."

ಅಜ್ಜಿ ನೀಡಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರು ಮೊದಲ ತುತ್ತು ಬಾಯಿಗಿಟ್ಟಾಗ ಕಲ್ಲಿನ ಕಡೆ ತಿರುಗಿ, "ನೋಡು," ಎಂದಳು, "ಗೌಡ್ರು ನಿನ್ನ ಪಂಗ್ತಿಗೆ ಬಂದಾರ."