ಬಲಗೈಯ ಗವಸು

ಗವಸು ಮಡಚುವ ಮೊದಲು ನಾನು ಕೈ ತೊಳೆದಿದ್ದೆನೋ ಇಲ್ಲವೋ? ನಿನ್ನೆ ಸಂಜೆಯಿಂದ ಇದೊಂದೇ ಪ್ರಶ್ನೆ ತಲೆಯೊಳಗೆ ಹುಳದಂತೆ ಕೊರೆಯುತ್ತಿದೆ. ತೊಳೆದೆ ಅಂದುಕೊಂಡರೆ ನಲ್ಲಿ ತಿರುಗಿಸಿದ ನೆನಪೇ ಬರುವುದಿಲ್ಲ. ತೊಳೆಯಲಿಲ್ಲ ಅಂದುಕೊಂಡರೆ, ಮರೆತುಹೋಯಿತು ಅಂತಾಯಿತು. ಅದೂ ಯಾರಿಗೆ? ನನಗೆ! ಮಗು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಕೈ ತೊಳೆಯದೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಅತ್ತೆ ಗೊಣಗುತ್ತಾರೆ, ಇವರು ಕಣ್ಣು ತಪ್ಪಿಸಿ ಎತ್ತಿಕೊಂಡು ಬೈಸಿಕೊಳ್ಳುತ್ತಾರೆ. ಮಾವ ಮಾತ್ರ ಕೆಲಸದಿಂದ ಬಂದವರೇ ಸೋಪು ಹಾಕಿ ತೊಳೆದು, ಎರಡೂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಮುಂದೆ ಹಿಡಿಯುತ್ತಾರೆ.

"ಪಾಸಾ?"

"ಪಾಸು, ಮಾವ."

ಮಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಕಲಿಯುವವರ ಪಕ್ಕದ ಸೀಟು ಅವರದು, ಅವರ ಕಾಲ ಬುಡದಲ್ಲೂ ಒಂದು ಬ್ರೇಕು. ಎದುರಿಗೆ ಕಾಂಪೌಂಡು ನುಗ್ಗಿ ಬರುತ್ತಿದ್ದರೂ ಅವರ ದನಿ ಏರುವುದಿಲ್ಲವಂತೆ. "ನಿಧಾನ, ನಿಧಾನ. ಗೋಡೆ ಎಲ್ಲಿಗೂ ಓಡಿಹೋಗಲ್ಲ" ಅನ್ನುತ್ತಾರಂತೆ. ಸಂಜೆಯಾದರೆ ಟೈರ್ ಅಂಗಡಿಯ ಮಹಡಿಯ ಮೇಲಿನ ಸ್ನೂಕರ್ ಕ್ಲಬ್ಬು. ವಯಸ್ಸಿನಲ್ಲಿ ಆಡಿ ನೋಡಿದರಂತೆ, ಆಟ ಅಷ್ಟಕ್ಕಷ್ಟೆ. ಒಂದು ದಿನ ರೆಫರಿ ಕೈಕೊಟ್ಟಾಗ ಮಾವನನ್ನು ಹಿಡಿದು ನಿಲ್ಲಿಸಿದರು. ಅಂದು ನಿಂತವರು ಇವತ್ತಿನವರೆಗೂ ನಿಂತೇ ಇದ್ದಾರೆ. ಅಂಕ ಕೂಗುವುದು, ಗುಳಿಗೆ ಬಿದ್ದ ಬಣ್ಣದ ಚೆಂಡನ್ನು ತೆಗೆದು ಅದರ ಜಾಗಕ್ಕೇ ಇಡುವುದು, ಚೆಂಡು ಕೊಳೆಯಾಗಿದೆ ಎಂದು ಆಟಗಾರ ಕೇಳಿದರೆ ಒರೆಸಿಕೊಡುವುದು, ಉಳಿದಂತೆ ಅವನ ಕಣ್ಣಿಗೆ ಬೀಳದ ಹಾಗೆ ನಿಲ್ಲುವುದು.

"ಕಾರನ್ನೂ ಬೇರೆಯವರೇ ಓಡಿಸ್ಬೇಕು, ಆಟಾನೂ ಬೇರೆಯವರೇ ಆಡ್ಬೇಕು, ಇವರು ಪಕ್ಕದಲ್ಲಿ ನಿಂತು ನೋಡ್ಬೇಕು" ಎಂದು ಅತ್ತೆ ಕಾಲೆಳೆಯುತ್ತಾರೆ. "ನಮ್ಮ ಮದುವೆ ಫೋಟೋ ನೋಡು ಬೇಕಾದ್ರೆ. ಯಾರದೋ ಮದುವೆಗೆ ಬಂದವರ ಹಾಗೆ ನಿಂತಿದಾರೆ!"

ಮಾವ ನಗುತ್ತಾರೆ.

ಈ ಸಲ ನಮ್ಮ ಊರಿಗೇ ವೃತ್ತಿಪರರ ರ‍್ಯಾಂಕಿಂಗ್ ಪಂದ್ಯಾವಳಿ ಬಂತು. ಇದರಲ್ಲಿ ಗೆದ್ದವರು ಪಟ್ಟಿಯಲ್ಲಿ ಮೇಲೇರುತ್ತಾರೆ. ತೀರಾ ಕೆಳಗೆ ಉಳಿದವರಿಗೆ ಮುಂದಿನ ವರ್ಷ ವೃತ್ತಿಪರರ ಜೊತೆ ಆಡುವ ಅವಕಾಶವೇ ಇಲ್ಲ. ಸ್ಥಳೀಯ ರೆಫರಿಗಳಲ್ಲಿ ಮಾವನನ್ನೂ ಆರಿಸಿದರು. ನಿನ್ನೆ ಒಂದು ಪಂದ್ಯ, ನಾಳೆ ಸೆಮಿಫೈನಲ್. ಕತ್ತಿಗೆ ತೂಗುಹಾಕುವ ಬ್ಯಾಡ್ಜನ್ನು ಮಾವ ಮನೆಯೊಳಗೂ ತೆಗೆಯಲಿಲ್ಲ. ಊಟಕ್ಕೆ ಕೂತಾಗ ಅದು ತಟ್ಟೆಗೆ ಬೀಳದಿರಲೆಂದು ಬೆನ್ನ ಹಿಂದಕ್ಕೆ ಎಸೆದುಕೊಳ್ಳುತ್ತಿದ್ದರು.

ರೆಫರಿ ಕೆಲಸಕ್ಕೆ ತೊಡುವ ಬಿಳಿ ಗವಸುಗಳನ್ನು ಅವರು ಯಾರ ಕೈಗೂ ಕೊಡುವವರಲ್ಲ. ತಾವೇ ಒಗೆದು, ಒಣಗಿಸಿ, ಮಡಚಿಡುತ್ತಾರೆ. ನಿನ್ನೆ ಯಾವಳೋ ಶಿಷ್ಯೆ ಕಾರನ್ನು ಮೋರಿಗೆ ಇಳಿಸಿದ್ದರಿಂದ ತಡವಾಗಿ ಬಂದರು. ಬಚ್ಚಲಿನಿಂದಲೇ ಕೂಗಿದರು: "ಏನಮ್ಮಾ, ಹಗ್ಗದ ಮೇಲೆ ಗ್ಲೌಸ್ ಇದೆ. ಮಡಚಿ ಕೋಟಿನ ಜೇಬಿಗೆ ಹಾಕಿಬಿಡ್ತೀಯಾ?"

ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಎದ್ದೆ. ಮಡಚಿದೆ. ಜೇಬಿಗೆ ಹಾಕಿದೆ. ನಡುವೆ ಏನು ಮಾಡಿದೆನೋ ಗೊತ್ತಿಲ್ಲ.

ಪಂದ್ಯವನ್ನು ನಾನೂ ಅತ್ತೆಯೂ ಟೀವಿಯಲ್ಲಿ ನೋಡಿದೆವು. ಸಮಸಮ ಬಂದು ಕೊನೆಯ ಫ್ರೇಮಿಗೆ, ಅಂದರೆ ಕೊನೆಯ ಸುತ್ತಿಗೆ ನಿಂತಿತ್ತು. ಆಡುತ್ತಿದ್ದವನು ಒಬ್ಬ ಎಡಚ. ಸೋತರೆ ಅವನು ಪಟ್ಟಿಯಿಂದಲೇ ಹೊರಗೆ ಎಂದು ವಿವರಣೆಗಾರರು ಹೇಳುತ್ತಲೇ ಇದ್ದರು. ಗುಲಾಬಿ ಚೆಂಡು ಬಿದ್ದರೆ ಗೆದ್ದಂತೆ. ನೇರ ಹೊಡೆತ, ನಾನೂ ಬೀಳಿಸಬಹುದು ಅನ್ನಿಸುವಂಥದ್ದು. ಬಗ್ಗಿದವನು ಎದ್ದು ಮಾವನಿಗೆ ಸನ್ನೆ ಮಾಡಿದ. ಮಾವ ಜಾಗ ಗುರುತಿಟ್ಟು, ಕೋಲಿನಿಂದ ಹೊಡೆಯುವ ಬಿಳಿ ಚೆಂಡನ್ನು ಎತ್ತಿ, ಗವಸು ತೊಟ್ಟ ಬಲಗೈ ಬೆರಳುಗಳ ನಡುವೆ ತಿರುಗಿಸಿ ಒರೆಸಿ, ಅಲ್ಲೇ ಇಟ್ಟರು.

ಎಡಚ ಹೊಡೆದ. ಟಕ್ ಎನ್ನಬೇಕಾದ ಸದ್ದು ದಪ್ ಎಂದಿತು. ಬಿಳಿ ಚೆಂಡು ಕೂದಲೆಳೆಯಷ್ಟು ಎಗರಿತು. ಗುಲಾಬಿ ಗುಳಿಯ ಬಾಯಿಗೆ ಬಂದು ನಿಂತೇಬಿಟ್ಟಿತು. ಎದುರಾಳಿ ಬಂದು ಅದನ್ನು ಗುಳಿಗೆ ಹಾಕಿದ, ಕಪ್ಪು ಚೆಂಡನ್ನೂ ಹಾಕಿದ, ಗೆದ್ದು ಕೈಕುಲುಕಿದ. ಎರಡು ಚೆಂಡುಗಳ ನಡುವೆ ಕೊಳೆ ಸಿಕ್ಕಿದರೆ ಹೀಗಾಗುತ್ತದೆ ಎಂದು ಟೀವಿಯಲ್ಲಿ ಹೇಳಿದರು.

"ಅಯ್ಯೋ, ಆ ಹುಡುಗನ ಮುಖ ನೋಡೋಕಾಗಲ್ಲ" ಎಂದರು ಅತ್ತೆ. ನಾನು ನನ್ನ ಬೆರಳು ನೋಡಿಕೊಂಡೆ.

ಮನೆಗೆ ಬಂದ ಮಾವ ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. "ಒರೆಸಿದ ಮೇಲೂ ಕೊಳೆ ಇತ್ತು ಅಂದ್ರೆ ನನಗೆ ಕಾಣ್ತಿಲ್ಲ ಅಂತ ಅರ್ಥ. ಒಬ್ಬನ ಹೊಟ್ಟೆ ಮೇಲೆ ಹೊಡೆದೆ. ನಾಳೆ ಹೋಗಿ ಬ್ಯಾಡ್ಜ್ ವಾಪಸ್ ಕೊಟ್ಟು ಬರ್ತೀನಿ. ಇನ್ನು ಕ್ಲಬ್ಬಲ್ಲೂ ನಿಲ್ಲಲ್ಲ."

"ಅಪ್ಪಾ, ಮೊದಲು ಕಣ್ಣು ತೋರಿಸೋಣ" ಎಂದರು ಇವರು. ಆಗಲೇ ನಾನು ಬಾಯಿ ಬಿಡಬಹುದಿತ್ತು. ಮಗುವಿಗೆ ಹಸಿವು ಎಂದು ಒಳಗೆ ಹೋದೆ. ಮಗು ನಿದ್ದೆ ಮಾಡುತ್ತಿತ್ತು.

ಇವತ್ತು ಬೆಳಗ್ಗೆ ಮಾವ ಹೇಳಿದಂತೆಯೇ ಹೊರಟುಹೋದರು. ಗವಸುಗಳು ವಾಷಿಂಗ್ ಮೆಷಿನ್ನಿನ ಮೇಲೆ ಮುದ್ದೆಯಾಗಿ ಬಿದ್ದಿದ್ದವು. ಎಡಗೈಯದು ಬೆಳ್ಳಗಿತ್ತು. ಬಲಗೈಯದನ್ನು ಕಿಟಕಿಗೆ ಹಿಡಿದೆ. ಹೆಬ್ಬೆರಳಲ್ಲೂ ತೋರುಬೆರಳಲ್ಲೂ ಬೆಳಕು ತೂರಿಬರುವಂಥ ಕಲೆ, ಅದರ ಸುತ್ತ ಕೋಲಿನ ತುದಿಗೆ ಉಜ್ಜುವ ಚಾಕಿನ ನೀಲಿ ಪುಡಿ. ಮೂಸಿದೆ. ನನ್ನ ಮಗುವಿನ ವಾಸನೆ.

"ಏನೇ ಅದು, ಗ್ಲೌಸ್ ಮೂಗಿಗೆ ಇಟ್ಕೊಂಡು ನಿಂತಿದೀಯ?" ಅತ್ತೆ ಬಾಗಿಲಲ್ಲಿದ್ದರು.

"ಏನಿಲ್ಲ ಅತ್ತೆ."

"ಒಗೆದು ಒಳಗಿಡು ಬಿಡು. ಇನ್ನು ಯಾರಿಗೆ ಬೇಕು."

ಒಗೆದುಬಿಡಬಹುದಿತ್ತು. ಬಕೆಟ್ಟಿಗೆ ನೀರೂ ಬಿಟ್ಟೆ, ಸೋಪೂ ತೆಗೆದುಕೊಂಡೆ. ಕಲೆ ಹೋದರೆ ಗೊತ್ತಿರುವವಳು ನಾನೊಬ್ಬಳೇ. ನಾಳೆಯಿಂದ ಮಾವ ಬಂದು ನನ್ನ ಮುಂದೆ ಕೈ ಹಿಡಿಯುತ್ತಾರೆ, "ಪಾಸಾ?" ಅನ್ನುತ್ತಾರೆ, ನಾನು ಆ ಕೈ ನೋಡಿ ಪಾಸು ಅನ್ನಬೇಕು. ಬಕೆಟ್ ತುಂಬಿ ನೀರು ಕಾಲಿಗೆ ಬಂತು. ನಲ್ಲಿ ನಿಲ್ಲಿಸಿ ಫೋನ್ ಎತ್ತಿಕೊಂಡೆ. ಒಂದು ಸಲ ರಿಂಗಾಗುವಷ್ಟರಲ್ಲೇ ಕಟ್ ಮಾಡಿದೆ. ಮತ್ತೆ ಒತ್ತಿದೆ.

"ಏನಮ್ಮಾ, ಮಗು ಹುಷಾರಾಗಿದೆ ತಾನೆ?"

"ಮಗು ಚೆನ್ನಾಗಿದೆ. ಮಾವ, ನಿನ್ನೆ ನಾನು ಕೈ ತೊಳೆದಿರಲಿಲ್ಲ."

"ಯಾವಾಗ?"

ಹೇಳಿದೆ. ಎಣ್ಣೆ, ಗವಸು, ಕಲೆ, ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿದೆ. ಆ ಕಡೆ ಯಾರೋ ಕುರ್ಚಿ ಎಳೆಯುವ ಸದ್ದು.

"ಯಾವ ಕೈದು?"

"ಬಲಗೈದು, ಮಾವ."

"ಹಾಗಿದ್ರೆ ನನ್ನ ಕಣ್ಣಲ್ಲ ಅಂತೀಯ?"

"ಅಲ್ಲ. ನನ್ನ ಕೈ. ಬ್ಯಾಡ್ಜ್ ಕೊಟ್ಟುಬಿಟ್ರಾ?"

"ಇಲ್ಲ, ಟೂರ್ನಮೆಂಟ್ ನಡೆಸೋ ಸಾಹೇಬ್ರು ಇನ್ನೂ ಬಂದಿಲ್ಲ." ಅವರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ಕೊಡಲ್ಲ ಬಿಡು. ಆದದ್ದನ್ನ ಅವರಿಗೆ ನಾನೇ ಹೇಳ್ತೀನಿ. ನಾಳೆ ನಿಲ್ಲು ಅಂದ್ರೆ ನಿಲ್ತೀನಿ, ಬೇಡ ಅಂದ್ರೆ ಕ್ಲಬ್ ಇದ್ದೇ ಇದೆ." ನನಗೆ ಅಳು ಬಂತು. ಅಷ್ಟರಲ್ಲಿ ಅವರ ದನಿ ಬದಲಾಯಿತು. "ಆ ಎಡಚ ಇಲ್ಲೇ ಬಾಗಿಲ ಹತ್ರ ಟ್ಯಾಕ್ಸಿಗೆ ಕಾಯ್ತಿದಾನೆ. ತನ್ನ ಕೈ ನಡುಗಿತು ಅಂದ್ಕೊಂಡಿದಾನೆ. ತಾಳು, ಫೋನ್ ಕೊಡ್ತೀನಿ."

"ಮಾವ, ಬೇಡ, ನೀವೇ ಹೇಳಿ."

"ಮಡಚಿದವಳು ನೀನು ತಾನೆ?"

ಹೆಜ್ಜೆ ಸದ್ದು. ಮಾವ ಯಾರಿಗೋ ಏನೋ ಹೇಳಿದರು. ಆಮೇಲೆ ದಣಿದ ದನಿಯೊಂದು, "ಹಲೋ, ಯಾರು?" ಎಂದಿತು.

"ನಿನ್ನೆಯ ರೆಫರಿಯ ಸೊಸೆ" ಎಂದೆ. "ಗುಲಾಬಿ ತಪ್ಪಿದ್ದು ನಿಮ್ಮಿಂದಲ್ಲ."